ಅರ್ಧ ಎಕರೆಗೆ 35 ಪೌಂಡ್: ಮೆಲ್ಬರ್ನ್ ಹರಾಜಾದ ಕಥೆ

ಜಮೀನಿನ ಮಾತು ಬಂದರೆ ನಮ್ಮಲ್ಲಿ ಗುಂಟೆ ಲೆಕ್ಕ ಬರಲೇಬೇಕು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆ ಸೇರಿದರೆ ಒಂದು ಎಕರೆ. ಈ 33 ಸುಮ್ನೆ ಬಂದ ಸಂಖ್ಯೆ ಅಲ್ಲ. ಬ್ರಿಟಿಷ್ ಸರ್ವೆಯವರು ನೆಲ ಅಳೆಯುತ್ತಿದ್ದ ಸರಪಳಿ 66 ಅಡಿ. ಅದರ ಅರ್ಧವೇ ನಮ್ಮ ಗುಂಟೆಯ ಒಂದು ಬದಿ.

1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೆಯರ್ ಅಂಥದ್ದೇ ಸರಪಳಿ ಲೆಕ್ಕದಲ್ಲಿ ಆಸ್ಟ್ರೇಲಿಯಾದ ಯಾರಾ ನದಿಯ ದಂಡೆಯ ಮೇಲೆ ಒಂದು ಊರಿಗೆ ಗೆರೆ ಎಳೆದ. ದೊಡ್ಡ ಬೀದಿಗಳು ಒಂದೂವರೆ ಸರಪಳಿ, ಅಂದರೆ 99 ಅಡಿ. ಅವುಗಳ ನಡುವಿನ ಸಣ್ಣ ಬೀದಿಗಳು ಅರ್ಧ ಸರಪಳಿ, 33 ಅಡಿ. ಮೆಲ್ಬರ್ನ್‌ನಲ್ಲಿರುವ ಕನ್ನಡಿಗರು ಲಿಟಲ್ ಕಾಲಿನ್ಸ್ ಸ್ಟ್ರೀಟ್ ದಾಟುವಾಗ ಸರಿಯಾಗಿ ಒಂದು ಗುಂಟೆಯ ಅಗಲ ದಾಟುತ್ತಾರೆ. ಊರಿನ ಉದ್ದಗಲವೇ ಮಾರಾಟದ ಲೆಕ್ಕಕ್ಕೆ ಹೊಂದಿಕೊಂಡಿತ್ತು. ಹತ್ತು ಸರಪಳಿ ಉದ್ದದ ಒಂದು ಬ್ಲಾಕ್, ಬ್ಲಾಕಿಗೆ 20 ಸೈಟು.

ಆ ಸೈಟುಗಳು ಮೊದಲ ಸಲ ಹರಾಜಿಗೆ ಬಂದದ್ದು 1837ರ ಜೂನ್ 1ರಂದು. ಬೀದಿಗಳು ಇದ್ದದ್ದು ನಕ್ಷೆಯಲ್ಲಿ. ನೆಲದ ಮೇಲೆ ಗೂಟಗಳು, ಮರಗಳು, ಅಲ್ಲೊಂದು ಇಲ್ಲೊಂದು ಗುಡಿಸಲು. ಒಂದು ವರ್ಷದ ಹಿಂದೆ, 1836ರ ಮೇ ತಿಂಗಳಲ್ಲಿ ಅಲ್ಲಿನ ಬಿಳಿಯರ ತಲೆ ಎಣಿಸಿದಾಗ ಸಿಕ್ಕವರು 177 ಜನ. ಅದರಲ್ಲಿ ಹೆಂಗಸರು ಬರೀ 35.

ಅವತ್ತು ಸವಾಲು ಕೂಗಿದವನೂ ಹಾಡಲ್‌ನೇ. ಒಂದೊಂದು ಸೈಟು ಹೆಚ್ಚುಕಡಿಮೆ ಅರ್ಧ ಎಕರೆ. ಬೆಂಗಳೂರಿನ 30-40 ಸೈಟಿನ ಲೆಕ್ಕಕ್ಕೆ ತಂದರೆ 18 ಸೈಟು ಆಗುವಷ್ಟು ಜಾಗ. ಸರಾಸರಿ ಬಿದ್ದ ಬೆಲೆ 35 ಪೌಂಡ್. ಕೂಗಿದ್ದಕ್ಕೆ ಹಾಡಲ್‌ಗೆ ಸಿಕ್ಕ ಕಮಿಷನ್ 57 ಪೌಂಡ್ 12 ಶಿಲ್ಲಿಂಗ್ 7 ಪೆನ್ಸ್. ತಾನೂ ಎರಡು ಸೈಟು ಹಿಡಿದ, 54 ಪೌಂಡಿಗೆ. ಕಮಿಷನ್ ಹಣದಲ್ಲೇ ಎರಡೂ ಬಂದುಬಿಟ್ಟವು. ಅಳೆದವನು, ಕೂಗಿದವನು, ಕೊಂಡವನು ಮೂವರೂ ಒಬ್ಬನೇ! ಇವತ್ತಿನ ಕಣ್ಣಿಗೆ ಇದು ಸರಿ ಕಾಣೋದಿಲ್ಲ.

ಸರ್ಕಾರ ಜಾಗವನ್ನು ಯಾಕೆ ಹರಾಜು ಹಾಕುತ್ತಿತ್ತು? ಅದಕ್ಕೆ ಮೊದಲು ಆಸ್ಟ್ರೇಲಿಯಾದ ಗವರ್ನರುಗಳು ಜಮೀನನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು. ಅಧಿಕಾರಿಗಳಿಗೆ, ಬೇಕಾದವರಿಗೆ, ಬಂಡವಾಳ ತಂದವರಿಗೆ ಸಾವಿರಾರು ಎಕರೆ ಹೋಗುತ್ತಿತ್ತು. 1831ರಲ್ಲಿ ಲಂಡನ್ ಇದನ್ನು ನಿಲ್ಲಿಸಿತು. ಇನ್ನು ಮೇಲೆ ಎಲ್ಲ ಸರ್ಕಾರಿ ಜಮೀನೂ ಬಹಿರಂಗ ಹರಾಜಿನಲ್ಲೇ ಹೋಗಬೇಕು, ಎಕರೆಗೆ 5 ಶಿಲ್ಲಿಂಗ್‌ಗಿಂತ ಕಡಿಮೆಗೆ ಕೊಡುವಂತಿಲ್ಲ ಎಂದಾಯಿತು. ಆ ಕಾಲಕ್ಕೆ ಇದು ದೊಡ್ಡ ಸುಧಾರಣೆಯೇ. ಗವರ್ನರ್ ಮನೆಯ ಪರಿಚಯ ಇಲ್ಲದವನೂ ನಾಲ್ಕು ಜನರ ಎದುರು ನಿಂತು ಕೂಗಬಹುದಲ್ವಾ?

ಇನ್ನೊಂದು ಲೆಕ್ಕವೂ ಇತ್ತು. ಎಡ್ವರ್ಡ್ ಗಿಬನ್ ವೇಕ್‌ಫೀಲ್ಡ್ ಎಂಬುವನು ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿದ್ದಾಗಲೇ ಇದನ್ನು ಬರೆದಿದ್ದ. ನೆಲ ಅಗ್ಗವಾದರೆ ಕೂಲಿಗೆ ಬಂದವನು ಮರುದಿನವೇ ಒಡೆಯನಾಗುತ್ತಾನೆ, ಆಮೇಲೆ ದುಡಿಯುವವರು ಯಾರು? ಆದ್ದರಿಂದ ಬೆಲೆ ಏರಿಸಿ, ಬಂದ ಹಣದಲ್ಲಿ ಬ್ರಿಟನ್ನಿನ ಬಡವರಿಗೆ ಹಡಗಿನ ಟಿಕೆಟ್ ಕೊಟ್ಟು ಕರೆಸಿ ಎಂದ. ಹಾಗೇ ಆಯಿತು. ಹರಾಜಿನ ಹಣದ ದೊಡ್ಡ ಪಾಲು ಕೂಲಿಯವರನ್ನು ಕರೆತರಲು ಹೋಯಿತು. ಬಡವನ ಪ್ರಯಾಣಕ್ಕೆ ದುಡ್ಡು ಕೊಟ್ಟ ಅದೇ ಬೆಲೆ, ಅವನಿಗೆ ಜಮೀನು ಕೈಗೆಟುಕದ ಹಾಗೆ ನೋಡಿಕೊಂಡಿತು.

ಆದರೆ ಈ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಹರಾಜಿಗೂ ಎರಡು ವರ್ಷ ಮುಂಚಿನ ಒಂದು ಕಾಗದ. 1835ರ ಜೂನ್ 6ರಂದು ಜಾನ್ ಬ್ಯಾಟ್‌ಮನ್ ಎಂಬ ಕುರಿ ಸಾಕಣೆಗಾರ ಟ್ಯಾಸ್ಮೇನಿಯಾದಿಂದ ಬಂದು, ಆ ನೆಲದ ಮೂಲ ಜನರಾದ ವುರುಂಡ್ಜೆರಿ ಹಿರಿಯರ ಜೊತೆ ಒಪ್ಪಂದ ಮಾಡಿಕೊಂಡೆ ಅಂತ ಹೇಳಿಕೊಂಡ. ಸುಮಾರು 6 ಲಕ್ಷ ಎಕರೆಗೆ ಕಂಬಳಿ, ಚಾಕು, ಕೈಗೊಡಲಿ, ಕನ್ನಡಿ, ಕತ್ತರಿ, ಕರವಸ್ತ್ರ, ಹಿಟ್ಟು, ಆರು ಅಂಗಿ. ಜೊತೆಗೆ ವರ್ಷವರ್ಷವೂ ಇಂಥದ್ದೇ ಸಾಮಾನು ಕೊಡುವ ಮಾತು. ಆ ಹಿರಿಯರ ಭಾಷೆಯಲ್ಲಿ ನೆಲವನ್ನು ಶಾಶ್ವತವಾಗಿ ಮಾರುವ ಕಲ್ಪನೆಯೇ ಇರಲಿಲ್ಲ. ಬಂದವರನ್ನು ತಮ್ಮ ನೆಲದಲ್ಲಿ ಓಡಾಡಲು ಬಿಟ್ಟುಕೊಳ್ಳುವ ಶಾಸ್ತ್ರ ಅಂತ ಅವರು ತಿಳಿದಿರಬಹುದು ಎಂಬುದು ಹಲವು ಇತಿಹಾಸಕಾರರ ಮಾತು. ಬ್ಯಾಟ್‌ಮನ್‌ನದು ಮೋಸದ ವ್ಯವಹಾರ, ಸಂಶಯವಿಲ್ಲ. ಆದರೂ ಈ ನೆಲಕ್ಕೆ ಮಾಲೀಕರಿದ್ದಾರೆ ಅಂತ ಆ ಕಾಗದವಾದರೂ ಒಪ್ಪಿಕೊಂಡಿತ್ತು.

ಅದೇ ಆಗಸ್ಟಿನಲ್ಲಿ ಸಿಡ್ನಿಯಲ್ಲಿದ್ದ ಗವರ್ನರ್ ರಿಚರ್ಡ್ ಬರ್ಕ್ ಆ ಒಪ್ಪಂದ ನಡೆಯೋದಿಲ್ಲ ಅಂತ ಘೋಷಣೆ ಹೊರಡಿಸಿದ. ಕಾರಣ, ಅದು ಸರ್ಕಾರದ ಖಾಲಿ ಜಮೀನು. ಸಾವಿರಾರು ವರ್ಷದಿಂದ ಜನ ಮೀನು ಹಿಡಿದು, ಗೆಡ್ಡೆ ಅಗೆದು, ಮಕ್ಕಳನ್ನು ಹೆತ್ತು ಬಾಳಿದ ನೆಲ ಒಂದು ಹಾಳೆಯ ಮೇಲೆ ಖಾಲಿಯಾಯಿತು. ಜೂನ್ 1ರಂದು ಹಾಡಲ್ ಬಾಯಿ ತೆರೆಯುವ ಮೊದಲೇ ಮುಖ್ಯ ತೀರ್ಮಾನ ಆಗಿಹೋಗಿತ್ತು. ಹರಾಜು ಅದಕ್ಕೆ ಗಟ್ಟಿ ಮೊಳೆ ಹೊಡೆಯಿತು. ದುಡ್ಡು ಕೊಟ್ಟು ಕೊಂಡ ಪ್ರತಿಯೊಬ್ಬನಿಗೂ ಆ ಘೋಷಣೆ ನಿಜವಾಗಿರಲೇಬೇಕಾಗಿತ್ತು.

ಜಮೀನಿನ ಹಾಗೆ ಸಾಮಾನೂ ಹರಾಜಿನಲ್ಲೇ ಹೋಗುತ್ತಿತ್ತು. ಬೇಕಾದ್ದೆಲ್ಲ ಹಡಗಿನಲ್ಲಿ ಬರಬೇಕು. ಹಡಗು ಯಾವಾಗ ಬರುತ್ತೆ, ಏನು ತರುತ್ತೆ ಅಂತ ಮೊದಲೇ ಗೊತ್ತಿಲ್ಲ. ತಂದವನಿಗೆ ಅಂಗಡಿ ಇಟ್ಟು ಕೂರುವಷ್ಟು ಪುರುಸೊತ್ತಿಲ್ಲ, ಗೋದಾಮಿನ ಬಾಡಿಗೆ ದುಬಾರಿ. ಹಾಗಾಗಿ ಚಹಾ, ಸಕ್ಕರೆ, ಬಟ್ಟೆ, ಕಬ್ಬಿಣದ ಸಾಮಾನು ಎಲ್ಲ ಸುತ್ತಿಗೆಯ ಕೆಳಗೆ. 1840ರಿಂದ ಕುದುರೆಗಳಿಗೆ ಬರ್ಕ್ ಸ್ಟ್ರೀಟಿನ ಕರ್ಕ್ಸ್ ಬಜಾರ್. 1850ರ ಹೊತ್ತಿಗೆ ಉಣ್ಣೆಗೂ ಹರಾಜು ಬಂತು.

ಚಿನ್ನ ಸಿಕ್ಕ ಮೇಲೆ, 1852ರಲ್ಲಿ, ಇದೇ ವ್ಯಾಪಾರ ಇನ್ನೊಂದು ರೂಪದಲ್ಲಿ ಕಾಣಿಸಿತು. ಹಡಗಿನಿಂದ ಇಳಿದ ಸಂಸಾರಗಳಿಗೆ ಇರಲು ಮನೆಯಿಲ್ಲ. ಪೆಟ್ಟಿಗೆ ಇಡಲು ಕೊಡಬೇಕಾದ ಬಾಡಿಗೆ ಪೆಟ್ಟಿಗೆಯೊಳಗಿನ ಬಟ್ಟೆಗಿಂತ ಜಾಸ್ತಿ ಆಗುತ್ತಿತ್ತು. ಬಂದರುಕಟ್ಟೆಯ ಹತ್ತಿರ ಪೆಟ್ಟಿಗೆ ಬಿಚ್ಚಿ, ಊರಿನಿಂದ ಆಸೆಪಟ್ಟು ತಂದ ಒಳ್ಳೆಯ ಬಟ್ಟೆ, ಬೂಟು, ಪುಸ್ತಕಗಳನ್ನು ಹರಡಿಕೊಂಡು ನಿಂತರು. ಸಿಕ್ಕಷ್ಟಕ್ಕೆ ಕೊಟ್ಟು ಹೋದರು. ಆ ಜಾಗಕ್ಕೆ ಜನ ‘ರ‍್ಯಾಗ್ ಫೇರ್’ ಅಂದರು, ಚಿಂದಿ ಸಂತೆ. ಯಾರಾದ ಆಚೆ ದಡದಲ್ಲಿ ಡೇರೆಗಳ ಊರೇ ಎದ್ದಿತ್ತು. ಅಲ್ಲಿ ಡೇರೆ ಹಾಕಿಕೊಳ್ಳಲು ಸರ್ಕಾರಕ್ಕೆ ವಾರಕ್ಕೆ 5 ಶಿಲ್ಲಿಂಗ್ ಕಟ್ಟಬೇಕಿತ್ತು. ಇಪ್ಪತ್ತು ವರ್ಷ ಹಿಂದೆ ಅದೇ 5 ಶಿಲ್ಲಿಂಗ್ ಒಂದು ಎಕರೆಯ ಕನಿಷ್ಠ ಬೆಲೆ!

ಮತ್ತೆ ಜಮೀನಿಗೆ ಬರೋಣ. 1839-40ರಲ್ಲಿ ಬೆಲೆ ತಲೆ ತಿರುಗುವಂತೆ ಏರಿತು. ಅರ್ಧ ಎಕರೆಯ ಸೈಟುಗಳನ್ನು ತುಂಡು ಮಾಡಿ ಮಾರಿದರು. 66 ಅಡಿ ಅಗಲ, 300 ಅಡಿಗೂ ಮಿಕ್ಕಿ ಉದ್ದದ ಸೈಟಿನ ಹಿಂಭಾಗ ಮಾರಬೇಕಾದರೆ ದಾರಿ ಬೇಕಲ್ಲ, ಹಾಗೆ ಓಣಿಗಳು ಹುಟ್ಟಿದವು. ಇವತ್ತು ಕಾಫಿಗೂ ಗೋಡೆ ಚಿತ್ರಕ್ಕೂ ಹೆಸರಾದ ಮೆಲ್ಬರ್ನ್ ಓಣಿಗಳಲ್ಲಿ ಎಷ್ಟೋ ಹುಟ್ಟಿದ್ದು ಈ ತುಂಡು ವ್ಯಾಪಾರದಿಂದ. ಹರಾಜಿನ ದಿನ ಡೇರೆ ಹಾಕಿ ಊಟ, ಷಾಂಪೇನ್ ಕೊಡುವ ಪದ್ಧತಿ ಶುರುವಾಯಿತು. ಕುಡಿದವನ ಕೈ ಬೇಗ ಮೇಲೇಳುತ್ತದೆ. ವ್ಯವಹಾರವೆಲ್ಲ ಸಾಲದ ಚೀಟಿಯ ಮೇಲೆ. 1842-43ರಲ್ಲಿ ಸಾಲ ಬತ್ತಿತು, ಕುರಿಗೂ ಬೆಲೆ ಇಲ್ಲದೆ ಕೊಬ್ಬಿಗಾಗಿ ಬೇಯಿಸುವಂತಾಯಿತು. ಕೊಂಡವರ ಆಸ್ತಿಯೇ ಹರಾಜಿಗೆ ಬಂತು.

ಹೆನ್ರಿ ಡೆಂಡಿಯ ಪಾಡು ನೋಡಿ. 1840ರಲ್ಲಿ ಲಂಡನ್ ಹೊಸ ನಿಯಮ ತಂದಿತ್ತು. ಎಕರೆಗೆ ಒಂದು ಪೌಂಡಿನಂತೆ ಅಲ್ಲೇ ದುಡ್ಡು ಕಟ್ಟಿದರೆ ಹರಾಜಿಲ್ಲದೆ 8 ಚದರ ಮೈಲಿ ಜಮೀನು. ಇಂಗ್ಲೆಂಡಿನ ರೈತ ಡೆಂಡಿ 5,120 ಪೌಂಡ್ ಕಟ್ಟಿ, ರಸೀದಿ ಹಿಡಿದು 1841ರಲ್ಲಿ ಬಂದಿಳಿದ. ಇವತ್ತಿನ ಬ್ರೈಟನ್, ಮೆಲ್ಬರ್ನ್‌ನ ತೀರಾ ದುಬಾರಿ ಬಡಾವಣೆಗಳಲ್ಲಿ ಒಂದು, ಅವನದಾಯಿತು. ಆದರೆ ಅವನು ಬಂದದ್ದೇ ಬೆಲೆ ಕುಸಿಯುವ ಹೊತ್ತಿಗೆ. ಕೆಲವೇ ವರ್ಷದಲ್ಲಿ ಎಲ್ಲ ಕೈಬಿಟ್ಟು ಹೋಯಿತು. 1881ರಲ್ಲಿ ವಾಲ್ಹಲ್ಲಾ ಎಂಬ ಗಣಿ ಊರಿನಲ್ಲಿ ಬಡತನದಲ್ಲೇ ತೀರಿಕೊಂಡ. ಅದೇ ವರ್ಷ ಹಾಡಲ್ ಕೂಡ ಸತ್ತ, ಊರಿನ ದೊಡ್ಡ ಸಿರಿವಂತರಲ್ಲಿ ಒಬ್ಬನಾಗಿ.

1880ರ ದಶಕದಲ್ಲಿ ಹುಚ್ಚು ಮತ್ತೆ ಬಂತು, ಹರಾಜಿನ ಜಾಗಕ್ಕೆ ಪುಕ್ಕಟೆ ರೈಲು, ಅದೇ ಷಾಂಪೇನ್. 1893ರಲ್ಲಿ ಬ್ಯಾಂಕುಗಳು ಸಾಲಾಗಿ ಬಾಗಿಲು ಹಾಕಿದವು. ಹರಾಜಿನ ಚಟ ಮಾತ್ರ ಊರಿನಿಂದ ಹೋಗಲಿಲ್ಲ. ಈಗಲೂ ಶನಿವಾರ ಬಂದರೆ ಮನೆಗಳ ಮುಂದೆ ಫುಟ್‌ಪಾತಿನಲ್ಲೇ ಸವಾಲು ನಡೆಯುತ್ತದೆ. ಮೊದಲ ಮನೆ ಹುಡುಕುವ ಕನ್ನಡದ ಕುಟುಂಬಗಳೂ ಎದೆ ಡವಡವ ಅನ್ನುತ್ತ ನಿಲ್ಲುತ್ತವೆ. ಸುತ್ತಿಗೆ ಬಿದ್ದ ಮೇಲೆ ಮನಸ್ಸು ಬದಲಿಸುವ ಹಾಗಿಲ್ಲ. ಮಾಮೂಲಿ ಮಾರಾಟದಲ್ಲಿ ಸಿಗುವ ಮೂರು ದಿನದ ಅವಕಾಶ ಹರಾಜಿನಲ್ಲಿ ಇಲ್ಲ. ಮಾಲೀಕನ ಕಡೆಯವರು ಗಿರಾಕಿಯಂತೆ ನಿಂತು ಸುಳ್ಳು ಕೂಗು ಹಾಕುವುದು ಕಾನೂನುಬಾಹಿರ ಆದದ್ದು 2000ದ ದಶಕದಲ್ಲಷ್ಟೇ.

ಇನ್ನು ವುರುಂಡ್ಜೆರಿಗಳು. ಬ್ಯಾಟ್‌ಮನ್‌ನ ಒಪ್ಪಂದದ ದಿನ ವಿಲಿಯಂ ಬರಾಕ್ ಎಂಬ ಹುಡುಗ ಅಲ್ಲಿದ್ದ. ಮುಂದೆ ಅವನೇ ತನ್ನ ಜನರ ಹಿರಿಯನಾದ. 1863ರಲ್ಲಿ ಸರ್ಕಾರ ಅವರಿಗೆ ಕೊರಾಂಡರ್ಕ್ ಎಂಬಲ್ಲಿ 2,300 ಎಕರೆ ಬಿಟ್ಟುಕೊಟ್ಟಿತು, ಆಮೇಲೆ ಅದು 4,850 ಆಯಿತು. ಅವರು ಅಲ್ಲಿ ಬಿಯರ್‌ಗೆ ಹಾಕುವ ಹಾಪ್ಸ್ ಬೆಳೆದು ಚೆನ್ನಾಗಿ ಬದುಕು ಕಟ್ಟಿಕೊಂಡರು. ನೆಲ ಫಲವತ್ತಾಗಿದೆ ಅಂತ ಕಂಡ ಅಕ್ಕಪಕ್ಕದವರ ಕಣ್ಣು ಬಿತ್ತು. ಬರಾಕ್ ತನ್ನವರೊಂದಿಗೆ ಮೆಲ್ಬರ್ನ್‌ಗೆ ನಡೆದುಕೊಂಡೇ ಹೋಗಿ ಮಂತ್ರಿಗಳ ಮುಂದೆ ಅಹವಾಲು ಇಟ್ಟ. ಆದರೂ 1893ರಲ್ಲಿ ಅರ್ಧದಷ್ಟು ಜಮೀನು ಹೋಯಿತು. 1924ರಲ್ಲಿ ಕೊರಾಂಡರ್ಕ್ ನೆಲೆಯನ್ನೇ ಮುಚ್ಚಿದರು.

1999ರಲ್ಲಿ ಆ ಜಾಗದ ಸುಮಾರು 200 ಎಕರೆ ವುರುಂಡ್ಜೆರಿಗಳಿಗೆ ವಾಪಸ್ ಸಿಕ್ಕಿತು. ಮೂಲ ನಿವಾಸಿಗಳಿಗಾಗಿ ಇರುವ ಭೂ ನಿಗಮ ಅದನ್ನು ದುಡ್ಡು ಕೊಟ್ಟು ಕೊಂಡು ಅವರ ಕೈಗಿಟ್ಟಿತು.