ಊರು ಬಿಡುವ ಮುನ್ನ ಒಂದು ಅಣಕು ಸಭೆ

ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ಸಾತಭಾಯಾ ಒಂದು ಕಾಲಕ್ಕೆ ಏಳು ಹಳ್ಳಿಗಳ ಗುಂಪು. ಬಂಗಾಳಕೊಲ್ಲಿ ಅವುಗಳನ್ನು ಒಂದೊಂದಾಗಿ ನುಂಗುತ್ತ ಬಂದ ಮೇಲೆ ಉಳಿದ 571 ಕುಟುಂಬಗಳಿಗೆ ಸರ್ಕಾರ ಸುಮಾರು 12 ಕಿ.ಮೀ. ದೂರದ ಬಾಗಪಾಟಿಯಾದಲ್ಲಿ ನೆಲೆ ಕಲ್ಪಿಸಿತು. 2018ರಲ್ಲಿ ಪಂಚವರಾಹಿ ದೇವಿಯ ಐದು ಶಿಲಾಮೂರ್ತಿಗಳೂ ಅಲ್ಲಿಗೆ ಬಂದವು. ಆ ಗುಡಿಯಲ್ಲಿ ಪೂಜೆಯ ಹಕ್ಕು ಮೀನುಗಾರ ಸಮುದಾಯದ ದಲಿತ ಮಹಿಳೆಯರದು. ಗಂಡಸರು ಮೂರ್ತಿಯನ್ನು ಮುಟ್ಟುವಂತಿರಲಿಲ್ಲ. ಆದರೆ ಅಷ್ಟು ಭಾರದ ಕಲ್ಲುಗಳನ್ನು ಎತ್ತಲು ಕೊನೆಗೆ ಗಂಡಸರನ್ನೇ ಒಳಗೆ ಬಿಡಬೇಕಾಯಿತು. ಶತಮಾನಗಳ ಕಟ್ಟಳೆ ಅಂದು ಸಡಿಲವಾಯಿತು. ಮನೆ, ರಸ್ತೆ, ಕೊಳವೆಬಾವಿ ಎಂದು ಲೆಕ್ಕ ಹಾಕುವ ಪುನರ್ವಸತಿ ಯೋಜನೆಗಳಲ್ಲಿ ಇಂಥ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಜಾಗ ಇರುವುದಿಲ್ಲ.

ಇವನ್ನು ಮೊದಲೇ ಹೊರಗೆಳೆಯಲು ಒಂದು ದಾರಿ ಪಾತ್ರ ಹಂಚಿಕೊಂಡು ನಡೆಸುವ ಅಣಕು ಸಭೆ. ಕೆಲವರಿಗೆ ಇದು ಮಕ್ಕಳಾಟವಾಗಿ ಕಾಣುತ್ತದೆ, ಇನ್ನು ಕೆಲವರು ಎಲ್ಲ ಜಗಳಕ್ಕೂ ಇದೇ ಮದ್ದು ಎಂದು ನಂಬಿದ್ದಾರೆ. ಹವಾಮಾನದ ಹೊಡೆತಕ್ಕೆ ಊರುಗಳನ್ನೇ ಎತ್ತಿಡಬೇಕಾದ ಈ ಹೊತ್ತಿನಲ್ಲಿ ಎರಡೂ ನಿಲುವುಗಳು ಸಾಲುವುದಿಲ್ಲ.

ಪಾತ್ರ ಹಂಚಿಕೊಳ್ಳುವ ಈ ಆಟ ಮೊದಲು ಸೈನ್ಯದ್ದು. 1824ರಲ್ಲಿ ಜರ್ಮನಿಯ ಪ್ರಷ್ಯಾ ರಾಜ್ಯದ ಸೇನೆ ನಕ್ಷೆಯ ಮೇಲೆ ಯುದ್ಧ ಆಡಿ ಕಲಿಯುವುದನ್ನು ಒಪ್ಪಿಕೊಂಡಿತು. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಎಂಐಟಿ ವಿಶ್ವವಿದ್ಯಾಲಯ ಅದನ್ನು ವಿದೇಶಾಂಗ ಬಿಕ್ಕಟ್ಟುಗಳಿಗೆ ಒಗ್ಗಿಸಿದವು. 1980ರ ದಶಕದಲ್ಲಿ ಅದು ಹಾರ್ವರ್ಡ್‌ನಲ್ಲಿ ಸಂಧಾನದ ಪಾಠವಾಯಿತು.

ನಿಂತು ನೋಡಬೇಕಾದ ಘಟ್ಟ ಆರಂಭವಾಗುವುದು 2012ರ ಸುಮಾರಿಗೆ. ಎಂಐಟಿಯ ಪ್ರಾಧ್ಯಾಪಕ ಲಾರೆನ್ಸ್ ಸಸ್ಕಿಂಡ್ ಮತ್ತು ಸಂಗಡಿಗರು ಅಮೆರಿಕದ ಈಶಾನ್ಯ ಕರಾವಳಿಯ ವೆಲ್ಸ್, ಡೋವರ್, ಕ್ರಾನ್‌ಸ್ಟನ್ ಮತ್ತು ಬಾರ್ನ್‌ಸ್ಟಬಲ್ ಎಂಬ ನಾಲ್ಕು ಪಟ್ಟಣಗಳನ್ನು ಆರಿಸಿಕೊಂಡರು. ಮೊದಲು ಸ್ಥಳೀಯರನ್ನು ಮಾತಾಡಿಸಿ ಯಾರಿಗೆ ಯಾವ ಚಿಂತೆ ಎಂದು ದಾಖಲಿಸಿದರು. ಆ ಊರಿಗೆ ಬರಬಹುದಾದ ನೆರೆ, ಬಿಸಿಲು, ಕಡಲಿನ ಏರಿಕೆಯ ಅಂದಾಜುಗಳನ್ನು ಸೇರಿಸಿದರು. ಬಳಿಕ ಆ ಪಟ್ಟಣವನ್ನೇ ಹೋಲುವ ಕಲ್ಪಿತ ಊರೊಂದನ್ನು ಕಟ್ಟಿ, ಅಧಿಕಾರಿ, ಆಸ್ತಿವಂತ, ವ್ಯಾಪಾರಿ, ಪರಿಸರವಾದಿ ಎಂದು ಪಾತ್ರಗಳನ್ನು ಬರೆದರು. ಪ್ರತಿ ಪಾತ್ರಧಾರಿಗೂ ಗುಟ್ಟಿನ ಚೀಟಿಯೊಂದು ಸಿಗುತ್ತದೆ: ನಿಮಗೆ ಏನು ಬೇಕು, ಯಾವುದನ್ನು ಬಿಟ್ಟುಕೊಡಲಾರಿರಿ. ಸುಮಾರು ಒಂದು ಗಂಟೆ ಚೌಕಾಸಿ, ಆಮೇಲೆ ವೇಷ ಕಳಚಿ ಮುಕ್ತ ಮಾತುಕತೆ. ಈ ಎರಡನೆಯ ಭಾಗವೇ ಮುಖ್ಯ. ಅದನ್ನು ಅವಸರದಲ್ಲಿ ಮುಗಿಸಿದರೆ ಮೊದಲನೆಯದು ಬರೀ ಮನರಂಜನೆಯಾಗುತ್ತದೆ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ನಿನ್ನೆ ಕೃಷ್ಣನ ಅರ್ಥ ಹೇಳಿದವರು ಇಂದು ಕೌರವನಾಗಿ ಕುಳಿತು ಅವನ ಪಕ್ಷವನ್ನು ಮನಸಾರೆ ಎತ್ತಿಹಿಡಿಯಬೇಕು. ಅದೇ ರೀತಿ, ತಡೆಗೋಡೆಯ ನಕ್ಷೆ ಬರೆಯುವ ಎಂಜಿನಿಯರ್ ಒಂದು ಗಂಟೆ ಕಾಲ ಹಕ್ಕುಪತ್ರವಿಲ್ಲದ ಗುಡಿಸಲಿನ ಒಡತಿಯಾಗಿ ಕುಳಿತು ‘ನಾನು ಏಳುವುದಿಲ್ಲ’ ಎಂದು ಕಾರಣಸಹಿತ ವಾದಿಸಬೇಕು. ನಾಲ್ಕು ಪಟ್ಟಣಗಳಲ್ಲಿ ಐನೂರಕ್ಕೂ ಹೆಚ್ಚು ಜನ ಆಡಿದರು. ಆಟಕ್ಕೆ ಮೊದಲು ಮತ್ತು ನಂತರ ಕೇಳಿದ ಪ್ರಶ್ನೆಗಳ ಉತ್ತರಗಳನ್ನು ಹೋಲಿಸಿದಾಗ, ಅಪಾಯದ ಅರಿವು, ಎದುರಾಳಿಯ ಕಷ್ಟದ ತಿಳಿವಳಿಕೆ, ತಮ್ಮ ಊರು ಏನಾದರೂ ಮಾಡಬಲ್ಲದೆಂಬ ಭರವಸೆ ಹೆಚ್ಚಿದ್ದವು.

ಆದರೆ ಅವು ಸ್ವಂತ ಆಡಳಿತ, ಸ್ವಂತ ತೆರಿಗೆ ಹಣವಿದ್ದ ಪಟ್ಟಣಗಳು. ಊರನ್ನೇ ಬಿಡುವವರ ಕಥೆ ಬೇರೆ. ಅಲಾಸ್ಕಾದ ನ್ಯೂಟಾಕ್‌ನ ಯುಪಿಕ್ ಮೂಲನಿವಾಸಿಗಳು 1990ರ ದಶಕದಲ್ಲೇ ಹೊಸ ಜಾಗ ಗೊತ್ತುಮಾಡಿಕೊಂಡಿದ್ದರು. ಜಮೀನು ಅದಲುಬದಲಿಗೆ ಕಾನೂನು ಬಂದಿದ್ದು 2003ರಲ್ಲಿ. ಮೊದಲ ಕುಟುಂಬಗಳು ಮೆರ್ಟಾರ್ವಿಕ್ ಎಂಬ ಆ ಹೊಸ ಜಾಗಕ್ಕೆ ಹೋದದ್ದು 2019ರಲ್ಲಿ. ಇಡೀ ಊರನ್ನು ಸಾಗಿಸುವ ಹೊಣೆ ತನ್ನದೆನ್ನುವ ಒಂದು ಇಲಾಖೆ ಅಲ್ಲಿರಲಿಲ್ಲ. ಇಂಥ ಕೊರತೆಯನ್ನು ಎಷ್ಟು ಅಣಕು ಸಭೆಗಳೂ ತುಂಬಲಾರವು.

ಅಮೆರಿಕದ ಲೂಸಿಯಾನಾ ರಾಜ್ಯದ ಐಲ್ ಡಿ ಜೀನ್ ಚಾರ್ಲ್ಸ್ ದ್ವೀಪದಲ್ಲಿ ಸಮಸ್ಯೆ ಬೇರೆಯೇ ಆಗಿತ್ತು. 1955ರಿಂದೀಚೆಗೆ ಶೇ 98ರಷ್ಟು ನೆಲ ಕಳೆದುಕೊಂಡ ಆ ದ್ವೀಪದ ಸ್ಥಳಾಂತರಕ್ಕೆ 2016ರಲ್ಲಿ 4.83 ಕೋಟಿ ಡಾಲರ್ ಮಂಜೂರಾಯಿತು. ಚದುರಿಹೋದ ತಮ್ಮವರನ್ನೆಲ್ಲ ಮತ್ತೆ ಒಂದೆಡೆ ಸೇರಿಸುವುದು ಅಲ್ಲಿನ ಮೂಲನಿವಾಸಿ ಬುಡಕಟ್ಟಿನ ಮುಖಂಡರ ಕನಸು; ದ್ವೀಪದ ನಿವಾಸಿಗಳಿಗೆ ಸುರಕ್ಷಿತ ಮನೆ ಕೊಡುವುದು ಆಡಳಿತದ ಲೆಕ್ಕ. 2022ರಲ್ಲಿ ಮನೆಗಳ ಕೀಲಿ ಕೈಸೇರಿತು, 2023ರಲ್ಲಿ ಬುಡಕಟ್ಟು ನಾಗರಿಕ ಹಕ್ಕುಗಳ ದೂರು ದಾಖಲಿಸಿತು. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆಂಬುದು ಮೊದಲ ವರ್ಷವೇ ಬಯಲಾಗಿದ್ದರೆ ಜಗಳ ಇಷ್ಟು ದೂರ ಹೋಗುತ್ತಿರಲಿಲ್ಲವೇನೋ. ಅಣಕು ಸಭೆಗೆ ಏನಾದರೂ ಬೆಲೆ ಇದ್ದರೆ ಅದು ಇಂಥಲ್ಲಿ.

ನಮ್ಮಲ್ಲಿ ತೊಡಕು ಕಾನೂನಿನಿಂದಲೇ ಶುರುವಾಗುತ್ತದೆ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಸಾರ್ವಜನಿಕ ವಿಚಾರಣೆಯನ್ನೂ ಕೇಳುತ್ತದೆ, ಆದರೆ ಅದು ಸರ್ಕಾರ ಸ್ವಾಧೀನಪಡಿಸಿಕೊಂಡ ಭೂಮಿಗೆ. ಸಮುದ್ರ ಕಿತ್ತುಕೊಂಡ ಗದ್ದೆಗೆ ಅಧಿಸೂಚನೆಯೂ ಇಲ್ಲ, ವಿಚಾರಣೆಯೂ ಇಲ್ಲ. 15ನೇ ಹಣಕಾಸು ಆಯೋಗ ನದಿ ಮತ್ತು ಕಡಲ್ಕೊರೆತದ ಸಂತ್ರಸ್ತರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಕೇರಳದ ‘ಪುನರ್ಗೇಹಂ’ ಯೋಜನೆ ಕಡಲಿನಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಕ್ಕೆ ಬೇರೆಡೆ ನೆಲೆಸಲು 10 ಲಕ್ಷ ರೂಪಾಯಿ ಕೊಡುತ್ತದೆ. ಹಣ ಬಂದಿದೆ. ಮಾತು ಎಲ್ಲಿ, ಯಾವಾಗ ನಡೆಯಬೇಕೆಂಬುದು ಮಾತ್ರ ಅಸ್ಪಷ್ಟ.

ಸಾತಭಾಯಾಕ್ಕೆ ಇಂಥ ಆಟ ಬರೆದಿದ್ದರೆ ಯಾರೆಲ್ಲ ಕೂರಬೇಕಿತ್ತು? ಪೂಜಾರಿಣಿ. ನೀರಿನಡಿ ಹೋದ ಗದ್ದೆಯ ಪಹಣಿಯನ್ನು ಇನ್ನೂ ಜೋಪಾನ ಮಾಡಿರುವ ರೈತ. ಕೇರಳಕ್ಕೆ ದುಡಿಯಲು ಹೋಗಿರುವ ಮಗ. ಪಕ್ಕದ ಭಿತರ್‌ಕನಿಕಾ ಕಾಡಿನ ಅಧಿಕಾರಿ. ಎಲ್ಲರೂ ಮರೆಯುವ ಇನ್ನೊಬ್ಬರಿದ್ದಾರೆ: ಹೊಸಬರು ಬಂದು ನೆಲೆಸುವ ಜಾಗದ ಅಕ್ಕಪಕ್ಕದ ಊರಿನವರು. ಅವರ ಕೆರೆ, ಅವರ ಹುಲ್ಲುಗಾವಲು ಹಂಚಿಹೋಗುತ್ತದೆ. ಅವರಿಲ್ಲದ ಮೇಜಿನ ಮೇಲೆ ಆದ ಒಪ್ಪಂದ ಮೊದಲ ಬೇಸಿಗೆಯಲ್ಲೇ ಮುರಿಯುತ್ತದೆ.

ಜಾಗ ಗೊತ್ತಾಗಿ, ಗುತ್ತಿಗೆ ಕೊಟ್ಟ ಮೇಲೆ ನಡೆಸುವ ಅಣಕು ಸಭೆಯ ಬಗ್ಗೆ ಎಚ್ಚರ ಬೇಕು. ಅಲ್ಲಿ ಜನ ಕಲಿಯುವುದು ‘ಹೂಂ’ ಅನ್ನುವುದನ್ನು ಮಾತ್ರ. ‘ಹೋಗುವುದಿಲ್ಲ’ ಎನ್ನುವ ಪಾತ್ರಕ್ಕೂ ಗೆಲ್ಲುವ ಅವಕಾಶ ಇರಬೇಕು. ಚೀಟಿ ಬರೆಯುವವರು ಊರಿನ ಭಾಷೆ ಬಲ್ಲವರಾಗಿರಬೇಕು, ಆಟಕ್ಕೆ ಬಂದವರ ಒಂದು ದಿನದ ಕೂಲಿ ತುಂಬಿಕೊಡಬೇಕು.

ಉಳ್ಳಾಲದಿಂದ ಕಾರವಾರದವರೆಗಿನ ನಮ್ಮ ಕರಾವಳಿಯಲ್ಲಿ ಕಡಲ್ಕೊರೆತಕ್ಕೆ ಇಂದಿಗೂ ಮೊದಲ ಉತ್ತರ ಕಲ್ಲು ಸುರಿಯುವುದೇ. ಊರನ್ನೇ ಎಬ್ಬಿಸುವ ಮಾತು ಇಲ್ಲಿ ದೊಡ್ಡದಾಗಿ ಎದ್ದಿಲ್ಲ. ಹಾಗಾಗಿ ಹೊಸ ಜಾಗದ ಸರ್ವೆ ನಂಬರು ಯಾರ ಕಡತಕ್ಕೂ ಸೇರುವ ಮುನ್ನವೇ ಇಂಥ ಸಭೆ ಕೂರಿಸಲು ಮೀನುಗಾರರ ಸಂಘಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಇನ್ನೂ ಸಮಯವಿದೆ.