90ರಿಂದ 53ಕ್ಕೆ: ಎನ್‌ಎಫ್‌ಎಲ್ ತಂಡಗಳ ಆಗಸ್ಟ್ ಜಗ್ಗಾಟ

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಬೇಸಿಗೆ ಶಿಬಿರಕ್ಕೆ ಒಂದೊಂದು ತಂಡ 90 ಆಟಗಾರರನ್ನು ಇಟ್ಟುಕೊಳ್ಳಬಹುದು. ಸೀಸನ್ ಶುರುವಾಗುವ ಹೊತ್ತಿಗೆ ಉಳಿಯುವುದು 53 ಮಂದಿ. ಅಂದರೆ ತಂಡಕ್ಕೆ 37 ಜನ ಔಟ್. ಎಲ್ಲಾ ಸೇರಿಸಿದರೆ ಹತ್ತಿರ ಹತ್ತಿರ 1200. ಇದಕ್ಕೆಲ್ಲ ಈಗ ಒಂದೇ ಗಡುವು: ಸಾಮಾನ್ಯವಾಗಿ ಆಗಸ್ಟ್ ಕೊನೆಯ ವಾರದ ಮಂಗಳವಾರ, ಅಲ್ಲಿನ ಪೂರ್ವ ತೀರದ ಗಡಿಯಾರದಲ್ಲಿ ಸಂಜೆ 4 ಗಂಟೆ.

ಇದು ಹೆಲ್ಮೆಟ್ ಹಾಕಿಕೊಂಡು ಆಡುವ ಫುಟ್‌ಬಾಲ್, ಕಾಲಿನಲ್ಲಿ ಒದ್ದು ಗೋಲು ಹೊಡೆಯುವುದಲ್ಲ. ಇಲ್ಲಿ ದಾಳಿ ಮಾಡುವ ಗುಂಪೇ ಬೇರೆ, ತಡೆಯುವ ಗುಂಪೇ ಬೇರೆ. ದಾಳಿಯ ಗುಂಪಿಗೆ, ಅಂದರೆ ಆಫೆನ್ಸ್‌ಗೆ, 53ರಲ್ಲಿ ಸಿಗುವುದು ಸುಮಾರು 25 ಜಾಗ. ಅದರಲ್ಲಿ ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಇಬ್ಬರು ಇಲ್ಲವೇ ಮೂವರು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಮೂರು ನಾಲ್ಕು ಜನ, ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳು ಐದಾರು. ಮೊದಲ ಮೂವರು ರಿಸೀವರ್‌ಗಳ ಹೆಸರು ಶಿಬಿರಕ್ಕೆ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಜಗಳ ಇರುವುದೆಲ್ಲ ಕೊನೆಯ ಒಂದೆರಡು ಜಾಗಕ್ಕೆ. ಆ ಜಾಗ ಸಿಗುವುದು ಪ್ರತಿಭೆಯಿಂದಷ್ಟೇ ಅಲ್ಲ. ನಿನ್ನ ಮುಂದೆ ಎಷ್ಟು ಜನ ನಿಂತಿದ್ದಾರೆ, ನಿನಗೆ ಮೈದಾನಕ್ಕಿಳಿಯಲು ಎಷ್ಟು ಹೊತ್ತು ಸಿಕ್ಕಿತು ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಈ ಜಗಳ ಮೊದಲಿಂದ ಹೀಗೇ ಇರಲಿಲ್ಲ. 1925ರಲ್ಲಿ ಲೀಗ್ ಮೊದಲ ಬಾರಿ ಮಿತಿ ಹಾಕಿದಾಗ ತಂಡಕ್ಕೆ ಬರೀ 16 ಜನ. ದಾಳಿ ಮಾಡಿದವನೇ ತಿರುಗಿ ನಿಂತು ತಡೆಯಬೇಕಿತ್ತು. 1950ರಲ್ಲಿ ಎಷ್ಟು ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು ಅಂತ ನಿಯಮ ಗಟ್ಟಿಯಾಯಿತು. ಅಲ್ಲಿಂದ ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಪರಿಣತ ಬಂದ. ಮಿತಿ ಮಾತ್ರ ಅಷ್ಟು ಬೇಗ ಏರಲಿಲ್ಲ. ಕ್ಲೀವ್‌ಲ್ಯಾಂಡ್ ತಂಡ ಇದಕ್ಕೆ ಒಂದು ಉಪಾಯ ಹುಡುಕಿಕೊಂಡಿತ್ತು. ಅದರ ಮಾಲೀಕ ಮಿಕ್ಕಿ ಮೆಕ್‌ಬ್ರೈಡ್‌ಗೆ ಟ್ಯಾಕ್ಸಿ ಕಂಪನಿ ಇತ್ತು. ತಂಡದಲ್ಲಿ ಜಾಗ ಸಿಗದವರನ್ನು ಟ್ಯಾಕ್ಸಿ ಕಂಪನಿಯ ಸಂಬಳದ ಪಟ್ಟಿಗೆ ಸೇರಿಸಿ, ಊರು ಬಿಡದಂತೆ ನೋಡಿಕೊಂಡರು!

1955ರಲ್ಲಿ ಮಿತಿ 33. ಆ ವರ್ಷ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಶಿಬಿರಕ್ಕೆ ಅದೇ ಊರಿನ ಹುಡುಗ ಜಾನಿ ಯುನೈಟಸ್ ಬಂದ. ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಒಂಬತ್ತನೇ ಸುತ್ತಿನ ಆಯ್ಕೆ. ಕ್ವಾರ್ಟರ್‌ಬ್ಯಾಕ್‌ಗಳು ನಾಲ್ವರಿದ್ದರು, ಜಾಗ ಮೂರೇ ಇತ್ತು. ಅಭ್ಯಾಸ ಪಂದ್ಯಗಳಲ್ಲಿ ಅವನನ್ನು ಆಡಿಸಲೇ ಇಲ್ಲ, ಹಾಗೇ ಮನೆಗೆ ಕಳಿಸಿದರು. ಕಟ್ಟಡದ ಕೆಲಸ ಮಾಡಿಕೊಂಡು, ಪಂದ್ಯಕ್ಕೆ 6 ಡಾಲರ್ ಕೊಡುವ ಸ್ಥಳೀಯ ತಂಡದಲ್ಲಿ ಆಡಿದ. ಮುಂದಿನ ವರ್ಷ ಬಾಲ್ಟಿಮೋರ್ ಕೋಲ್ಟ್ಸ್ ಕರೆಯಿತು. 1958ರ ಫೈನಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮೇಲೆ 23-17ರಿಂದ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಅವನೇ. ಸ್ಟೀಲರ್ಸ್‌ಗೆ ಕಣ್ಣಿರಲಿಲ್ಲ ಅಂತ ಬಹಳ ಜನ ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆಡಿಸದವನ ಆಟವನ್ನು ಯಾರು ತಾನೇ ನೋಡಲು ಸಾಧ್ಯ?

1977ರವರೆಗೆ ಸೀಸನ್‌ಗೆ ಮುಂಚೆ 6 ಅಭ್ಯಾಸ ಪಂದ್ಯಗಳು ನಡೆಯುತ್ತಿದ್ದವು. 1978ರಲ್ಲಿ ಅಸಲಿ ಪಂದ್ಯಗಳು 14ರಿಂದ 16ಕ್ಕೆ ಏರಿದವು, ಪ್ರೀಸೀಸನ್ ಅನ್ನುವ ಈ ಅಭ್ಯಾಸ ಪಂದ್ಯಗಳು 4ಕ್ಕೆ ಇಳಿದವು. ಹೊಸಬನಿಗೆ ಮುಖ ತೋರಿಸುವ ಎರಡು ಅವಕಾಶ ಅಲ್ಲಿಗೆ ಖೋತಾ.

ಒಂದು ಅವಕಾಶಕ್ಕೆ ಎಷ್ಟು ಬೆಲೆ ಇದೆ ಅಂತ ತಿಳಿಯಬೇಕಾದರೆ ಟೆರೆಲ್ ಡೇವಿಸ್ ಕತೆ ಕೇಳಬೇಕು. 1995ರಲ್ಲಿ ಡೆನ್ವರ್ ಬ್ರಾಂಕೋಸ್ ಈ ರನ್ನಿಂಗ್ ಬ್ಯಾಕ್‌ನನ್ನು ಆರನೇ ಸುತ್ತಿನಲ್ಲಿ, 196ನೆಯವನಾಗಿ ಆರಿಸಿತು. ಶಿಬಿರದಲ್ಲಿ ಅವನ ಮುಂದೆ ದೊಡ್ಡ ಸಾಲೇ ಇತ್ತು. ಅಭ್ಯಾಸ ಪಂದ್ಯವೊಂದಕ್ಕೆ ತಂಡ ಟೋಕಿಯೊಗೆ ಹೋಯಿತು. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್. ಬೇಸತ್ತ ಡೇವಿಸ್ ಹೋಟೆಲ್‌ನಿಂದಲೇ ವಿಮಾನ ಹತ್ತಿ ಮನೆಗೆ ಹೋಗಿಬಿಡೋಣ ಅಂದುಕೊಂಡಿದ್ದ. ಜಪಾನಿ ಭಾಷೆ ಬಾರದೆ ಟಿಕೆಟ್ ಮಾಡಿಸಲು ಆಗಲಿಲ್ಲ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಪಂದ್ಯದಲ್ಲಿ ಒಂದು ಕಿಕ್‌ಆಫ್‌ಗೆ, ಅಂದರೆ ಚೆಂಡನ್ನು ಎದುರಾಳಿಯತ್ತ ಒದ್ದು ಆಟ ಶುರುಮಾಡುವಾಗ, ಅವನನ್ನು ಇಳಿಸಿದರು. ಅದು ಅವನ ಕೆಲಸವೇ ಅಲ್ಲ. ಆದರೂ ಮೈದಾನದ ಉದ್ದಕ್ಕೂ ಓಡಿ, ಚೆಂಡು ಹಿಡಿದವನಿಗೆ ಎಂಥ ಡಿಕ್ಕಿ ಹೊಡೆದ ಅಂದರೆ ಕೋಚ್ ಮೈಕ್ ಶನಹಾನ್ ಅವರ ಕಣ್ಣು ಅವನ ಮೇಲೇ ನಿಂತಿತು. ಆಮೇಲೆ ಓಡಲು ಚೆಂಡೂ ಸಿಕ್ಕಿತು. ಸೀಸನ್ ಶುರುವಾದಾಗ ಮೊದಲ ರನ್ನಿಂಗ್ ಬ್ಯಾಕ್ ಅವನೇ. ಆ ವರ್ಷ ಚೆಂಡು ಹಿಡಿದು ಓಡಿದ್ದು 1117 ಗಜ, 1998ರಲ್ಲಿ 2008 ಗಜ. ಕೊನೆಯ ರಿಸೀವರ್, ಕೊನೆಯ ರನ್ನಿಂಗ್ ಬ್ಯಾಕ್ ಇವತ್ತಿಗೂ ಜಾಗ ಹಿಡಿಯುವುದು ಹೆಚ್ಚಾಗಿ ಇಂಥ ಕಿಕ್‌ಆಫ್ ಕೆಲಸದಿಂದಲೇ. ಚೆಂಡು ಹಿಡಿಯಲು ಬಂದವರು ಬೇಕಾದಷ್ಟು ಜನ ಇರುತ್ತಾರೆ, ಡಿಕ್ಕಿ ಹೊಡೆಯಲು ಒಪ್ಪುವವರು ಕಡಿಮೆ.

ಇನ್ನೊಂದು ದಾರಿ ಬೇರೆಯವರ ಗಾಯ. ಹೇಳಲು ಕಷ್ಟವಾದರೂ ನಿಜ. ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್‌ನನ್ನು 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಶಿಬಿರದಿಂದಲೇ ಕಳಿಸಿತ್ತು. ಅಯೋವಾದ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸಿದ. 1999ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಅಭ್ಯಾಸ ಪಂದ್ಯದಲ್ಲಿ ಮೊಣಕಾಲಿಗೆ ದೊಡ್ಡ ಗಾಯ ಮಾಡಿಕೊಂಡ. ಬೆಂಚಿನಲ್ಲಿದ್ದ ವಾರ್ನರ್ ಎದ್ದು ಬಂದ. ಆ ಸೀಸನ್ ಮುಗಿದಾಗ ಲೀಗ್‌ನ ಶ್ರೇಷ್ಠ ಆಟಗಾರ ಅವನೇ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದವನೂ ಅವನೇ.

ಇಂಥ ಗಾಯಗಳ ಭಯಕ್ಕೆ ಈಗ ಬಹಳ ಕೋಚ್‌ಗಳು ದೊಡ್ಡ ಆಟಗಾರರನ್ನು ಪ್ರೀಸೀಸನ್‌ನಲ್ಲಿ ಇಳಿಸುವುದೇ ಇಲ್ಲ. ಹೊಸಬರಿಗೆ ಒಳ್ಳೆಯದೇ ಆಯಿತಲ್ಲ ಅನ್ನಿಸಬಹುದು. ಪೂರ್ತಿ ನಿಜವಲ್ಲ. ಅವರು ಆಡುವುದು ಎದುರಾಳಿ ತಂಡದ ಹೊಸಬರ ವಿರುದ್ಧ. ಅದರಿಂದ ಕೋಚ್‌ಗೆ ತಿಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಎರಡು ತಂಡಗಳು ಒಟ್ಟಿಗೆ ನಡೆಸುವ ಅಭ್ಯಾಸಕ್ಕೆ ತೂಕ ಹೆಚ್ಚಿದೆ. ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದಿಂದ ದಿನಕ್ಕೆರಡು ಸಲ ಪೂರ್ತಿ ಪ್ಯಾಡ್ ಕಟ್ಟಿ ಗುದ್ದಾಡುವ ಅಭ್ಯಾಸವೂ ನಿಂತಿತು. 2020ರಲ್ಲಿ ಕೋವಿಡ್‌ನಿಂದ ಪ್ರೀಸೀಸನ್ ಪೂರ್ತಿ ರದ್ದಾಯಿತು. 2021ರಲ್ಲಿ ಅಸಲಿ ಪಂದ್ಯ 17 ಆದಾಗ ಅಭ್ಯಾಸ ಪಂದ್ಯ 3ಕ್ಕೆ ಬಂತು. 2020ರಲ್ಲೂ ಒಬ್ಬ ಗೆದ್ದ ಅನ್ನಿ. ಯಾರೂ ಡ್ರಾಫ್ಟ್‌ನಲ್ಲಿ ಆರಿಸದ ಜೇಮ್ಸ್ ರಾಬಿನ್ಸನ್ ಜಾಕ್ಸನ್‌ವಿಲ್ ಪರವಾಗಿ 1070 ಗಜ ಓಡಿದ. ಆದರೆ ಅದಕ್ಕೂ ಮೊದಲು ತಂಡ ಲೆನಾರ್ಡ್ ಫೋರ್ನೆಟ್‌ನಂಥ ಹೆಸರುವಾಸಿ ರನ್ನಿಂಗ್ ಬ್ಯಾಕ್‌ನನ್ನು ಕೈಬಿಟ್ಟಿತ್ತು. ಮತ್ತೆ ಅದೇ ಮಾತು, ಮುಂದಿನ ಸಾಲು ಕರಗಬೇಕು.

ಹೊರಬಿದ್ದವರಿಗೆ ಪ್ರಾಕ್ಟೀಸ್ ಸ್ಕ್ವಾಡ್ ಅಂತ, ತಂಡದ ಜೊತೆ ಅಭ್ಯಾಸ ಮಾಡುವ ಮೀಸಲು ಗುಂಪು ಒಂದಿದೆ. ನಮ್ಮ ರೈಲಿನ ಆರ್‌ಎಸಿ ಟಿಕೆಟ್ ಇದ್ದ ಹಾಗೆ, ಒಳಗಿರುತ್ತೀರಿ, ಬರ್ತ್ ಮಾತ್ರ ಗ್ಯಾರಂಟಿ ಇಲ್ಲ. ಅದರಲ್ಲಿ 2014ರಲ್ಲಿ 10 ಜಾಗ ಇದ್ದದ್ದು 2020ರಿಂದ 16 ಆಗಿದೆ. ಒಂದೇ ತೊಡಕು. ಹೊಸ ಹುಡುಗನನ್ನು ಅಲ್ಲಿಗೆ ಹಾಕಬೇಕಾದರೆ ಮೊದಲು ತಂಡದಿಂದ ಬಿಡಬೇಕು. ಬಿಟ್ಟರೆ ಉಳಿದ 31 ತಂಡಗಳಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹೀಗಾಗಿ ಆಗಸ್ಟ್‌ನಲ್ಲಿ ಒಬ್ಬ ತುಂಬಾ ಚೆನ್ನಾಗಿ ಆಡಿಬಿಟ್ಟರೆ ಕೋಚ್‌ಗೆ ಖುಷಿಯ ಜೊತೆ ತಲೆನೋವೂ ಹೌದು.

2022ರಲ್ಲಿ ಈ ತಲೆನೋವು ಫೋರ್ಟಿನೈನರ್ಸ್‌ಗೆ ಬಂತು. ನಮ್ಮ ಎಷ್ಟೋ ಸಾಫ್ಟ್‌ವೇರ್ ಮಂದಿ ಇರುವ ಸಾಂಟಾ ಕ್ಲಾರಾದಲ್ಲೇ ಇವರ ಮೈದಾನ. ಕೋಚ್ ಕೈಲ್ ಶನಹಾನ್, ಟೋಕಿಯೊ ಕತೆಯ ಮೈಕ್ ಶನಹಾನ್ ಅವರ ಮಗ. ಟ್ರೇ ಲಾನ್ಸ್ ಮೊದಲ ಕ್ವಾರ್ಟರ್‌ಬ್ಯಾಕ್, ಜಿಮ್ಮಿ ಗರೋಪ್ಪಲೊ ಎರಡನೆಯವನು. ಮೂರನೇ ಜಾಗಕ್ಕೆ ಅನುಭವಿ ನೇಟ್ ಸಡ್‌ಫೆಲ್ಡ್ ಮತ್ತು ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 262ನೆಯವನಾದ ಬ್ರಾಕ್ ಪರ್ಡಿ. ಸಡ್‌ಫೆಲ್ಡ್‌ನನ್ನು ಬಿಟ್ಟು ಪರ್ಡಿಯನ್ನು 53ರಲ್ಲೇ ಉಳಿಸಿಕೊಂಡರು. ಎರಡನೇ ಪಂದ್ಯದಲ್ಲಿ ಲಾನ್ಸ್ ಕಾಲಿನ ಗಿಣ್ಣು ಮುರಿಯಿತು. ಡಿಸೆಂಬರ್‌ನಲ್ಲಿ ಗರೋಪ್ಪಲೊ ಪಾದ ಮುರಿಯಿತು. ಪರ್ಡಿ ಬಂದ, ಮತ್ತೆ ಜಾಗ ಬಿಟ್ಟುಕೊಡಲಿಲ್ಲ. ಮುಂದಿನ ಆಗಸ್ಟ್‌ನಲ್ಲಿ ಲಾನ್ಸ್ ಎರಡನೇ ಜಾಗವನ್ನೂ ಸ್ಯಾಮ್ ಡಾರ್ನಾಲ್ಡ್‌ಗೆ ಸೋತ. 2021ರಲ್ಲಿ ಅವನಿಗಾಗಿ ತಂಡ ಡ್ರಾಫ್ಟ್‌ನಲ್ಲಿ ತನ್ನ ಮೂರು ಮೊದಲ ಸುತ್ತಿನ ಆಯ್ಕೆಗಳ ಹಕ್ಕನ್ನೇ ಬೇರೆ ತಂಡಕ್ಕೆ ಕೊಟ್ಟಿತ್ತು. ಡಲ್ಲಾಸ್‌ಗೆ ಅವನನ್ನು ಬಿಟ್ಟುಕೊಟ್ಟಾಗ ಸಿಕ್ಕಿದ್ದು ನಾಲ್ಕನೇ ಸುತ್ತಿನ ಒಂದೇ ಆಯ್ಕೆ.