ಫೈಲೇರಿಯಾ ಸ್ಲೈಡ್: ಹೊತ್ತು ನೋಡಿ ರಕ್ತ ತೆಗೆಯಿರಿ

ಪರಾವಲಂಬಿಗಳ ಪಾಠ ಬಂದಾಗ ನಾವೆಲ್ಲ ಬಣ್ಣ, ಬಾಲ, ನ್ಯೂಕ್ಲಿಯಸ್ ಅಂತ ಬಾಯಿಪಾಠ ಮಾಡುತ್ತೇವೆ. ರಕ್ತ ಯಾವ ಹೊತ್ತಿಗೆ ತೆಗೆಯಬೇಕು ಅನ್ನೋದು ಕೊನೆಗೆ ಉಳಿಯುತ್ತದೆ. ನನ್ನ ಪ್ರಕಾರ ಅದನ್ನೇ ಮೊದಲು ಓದಬೇಕು.

ಆನೆಕಾಲು ರೋಗವನ್ನೇ, ಅಂದರೆ ಫೈಲೇರಿಯಾವನ್ನೇ ತಗೊಳ್ಳಿ. ಈ ರೋಗ ಇರುವ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು, ಹಾಗಾಗಿ ಇದು ಬರೀ ಪರೀಕ್ಷೆಯ ಪ್ರಶ್ನೆ ಅಲ್ಲ. ಈ ರೋಗ ತರುವ ವುಚೆರೇರಿಯಾ ಬ್ಯಾಂಕ್ರಾಫ್ಟಿಯ ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ (ಲಿಂಫ್ ನಾಳಗಳಲ್ಲಿ) ಇರುತ್ತವೆ. ಅವುಗಳ ಮರಿಗಳು, ಅಂದರೆ ಮೈಕ್ರೊಫೈಲೇರಿಯಾ, ಹಗಲಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿಯಾದರೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚೋದೂ ರಾತ್ರಿಯೇ. ಲೆಕ್ಕ ಸರಿಹೋಯ್ತು ಅಲ್ವಾ? ಅದಕ್ಕೇ ರಾತ್ರಿ 10ರಿಂದ 2ರ ನಡುವೆ ಬೆರಳು ಚುಚ್ಚಬೇಕು. ಮಧ್ಯಾಹ್ನ ಓಪಿಡಿಯಲ್ಲಿ ತೆಗೆದ ಸ್ಲೈಡ್ ನೆಗೆಟಿವ್ ಬಂದರೆ ರೋಗ ಇಲ್ಲ ಅಂತ ಹೇಳೋಕಾಗಲ್ಲ. ದಿನವಿಡೀ ಹತ್ತಿ ಬಿಡಿಸಿ ಮಲಗಿದವರನ್ನು ಎಬ್ಬಿಸಿದರೆ ಸಿಟ್ಟು ಬರೋದು ಸಹಜ. ರಾತ್ರಿಯೇ ಯಾಕೆ ಅಂತ ಅವರಿಗೆ ತಿಳಿಸಿ ಹೇಳೋದೂ ನಮ್ಮ ಕೆಲಸವೇ.

ಸುಮಾರು 20 ಮೈಕ್ರೊಲೀಟರ್ ರಕ್ತದಲ್ಲಿ ದಪ್ಪ ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ರಕ್ತದ ಲೇಪ) ಮಾಡಿ. ಚೆನ್ನಾಗಿ ಒಣಗಿದ ಮೇಲೆ ನೀರಲ್ಲಿ ಇಟ್ಟು ಹಿಮೋಗ್ಲೋಬಿನ್ ಬಿಡಿಸಿ. ಆಮೇಲೆ ಮೆಥನಾಲ್, ನಂತರ ಗೀಮ್ಸಾ ಬಣ್ಣ. ಮೆಥನಾಲ್ ಮೊದಲೇ ಹಾಕಿದರೆ ಕೆಂಪುಕಣಗಳು ಅಲ್ಲೇ ಗಟ್ಟಿಯಾಗಿ ಕೂತು ಹುಳುವನ್ನು ಮುಚ್ಚಿಬಿಡುತ್ತವೆ. ಮೈಕ್ರೊಫೈಲೇರಿಯಾದ ಮೈಮೇಲೆ ಹೊದಿಕೆ ಇದ್ದು, ಬಾಲದ ತುದಿಯಲ್ಲಿ ನ್ಯೂಕ್ಲಿಯಸ್ ಇಲ್ಲದಿದ್ದರೆ ಬ್ಯಾಂಕ್ರಾಫ್ಟಿ. ತುದಿಯಲ್ಲಿ ಬಿಡಿಬಿಡಿಯಾಗಿ ಎರಡು ಕಂಡರೆ ಇದೇ ರೋಗ ತರುವ ಇನ್ನೊಂದು ಹುಳು, ಬ್ರುಗಿಯಾ ಮಲಾಯಿ.

ಇಲ್ಲೊಂದು ವಿಚಿತ್ರ ಇದೆ. ಕಾಲು ಪೂರ್ತಿ ಊದಿ ಆನೆಕಾಲಾದವರ ರಕ್ತದಲ್ಲಿ ಎಷ್ಟೋ ಸಲ ಮೈಕ್ರೊಫೈಲೇರಿಯಾ ಸಿಗುವುದೇ ಇಲ್ಲ. ನೋಡೋಕೆ ಆರಾಮಾಗಿರುವ ಪಕ್ಕದ ಮನೆಯವರಲ್ಲಿ ಸಿಕ್ಕಬಹುದು! ಮೂತ್ರ ಹಾಲಿನಂತೆ ಬೆಳ್ಳಗೆ ಹೋಗುತ್ತಿದ್ದರೆ ಅದನ್ನೂ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ) ನೋಡಿ. ಈಗ ಬಂದಿರುವ ಆಂಟಿಜೆನ್ ಸ್ಟ್ರಿಪ್‌ಗೆ ಹಗಲು ರಾತ್ರಿಯ ಭೇದ ಇಲ್ಲ, ಹುಳುವಿನ ಆಂಟಿಜೆನ್ (ಅದು ಬಿಡುವ ಗುರುತಿನ ವಸ್ತು) ರಕ್ತದಲ್ಲಿ ಯಾವಾಗಲೂ ಇರುತ್ತದೆ.

ಮಲೇರಿಯಾಗೆ ರಾತ್ರಿ ಕಾಯಬೇಕಿಲ್ಲ. ಚಳಿ ಜ್ವರ ಏರಲಿ ಅಂತಲೂ ಕಾಯಬೇಡಿ. ಮಾತ್ರೆ ಕೊಡುವ ಮುಂಚೆ ರಕ್ತ ತೆಗೆದರಾಯ್ತು. ದಪ್ಪ ಸ್ಮಿಯರ್‌ನಲ್ಲಿ ಕನಿಷ್ಠ 100 ಫೀಲ್ಡ್ (ಮೈಕ್ರೊಸ್ಕೋಪ್‌ನಲ್ಲಿ ಒಮ್ಮೆಗೆ ಕಾಣುವ ಜಾಗ) ನೋಡದೆ ನೆಗೆಟಿವ್ ಅಂತ ಬರೆಯಬೇಡಿ.

ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿಗೆ ಯೋನಿಸ್ರಾವವನ್ನು ತೆಗೆದ ಕೂಡಲೇ ನೋಡಬೇಕು. ತಣ್ಣಗಾದರೆ ಅದರ ಓಡಾಟ ನಿಲ್ಲುತ್ತದೆ, ಆಗ ಬಿಳಿಕಣ ಅಂದುಕೊಂಡು ಬಿಟ್ಟುಬಿಡುತ್ತೀರಿ. ನೇಗ್ಲೇರಿಯಾ (ಮಿದುಳಿಗೆ ಹೊಕ್ಕುವ ಅಮೀಬಾ) ಅನುಮಾನದಲ್ಲಿ ಬೆನ್ನಿನಿಂದ ತೆಗೆದ ಸಿಎಸ್ಎಫ್ (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಕೂಡ ಹಾಗೆಯೇ. ಅದನ್ನು ಫ್ರಿಜ್‌ನಲ್ಲಿ ಇಡಲೇಬೇಡಿ.